ಲಕ್ವಾ ಹೊಡೆದ ಕೈಯನ್ನು ಹಿಡಿದು ಎಳೆಯಬೇಡಿ
(ರೋಗಿಗಳು ಹಾಗೂ ಅವರ ಸಂಬಂಧಿಕರಿಗಾಗಿ ನೀಡಿದ ಉಪನ್ಯಾಸ)



ಪಾರ್ಶ್ವವಾಯು, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಲಕ್ವಾ, ಆದವರ ಮನೆಯವರು ನನ್ನನ್ನು ಕಂಡ ಕೂಡಲೇ ಕೇಳುವುದು, "ಸಿಸ್ಟರ್, ಅಪ್ಪಾರಿಗೆ ಕರೆಂಟ್ ಯಾವಾಗ ಕೊಡ್ತೀರಿ?" ಎಂದು. ಅದಾದ ಮೇಲೆ, "ಎಣ್ಣಿ ಹಚ್ಚಿ ತಿಕ್ಕಬಹುದೇನ್ರಿ?" ಹಾಸಿಗೆಯಿಂದ ಅವರನ್ನು ಎಬ್ಬಿಸುವುದು ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಕೆಲಸವೆಂದು ತಿಳಿಯುತ್ತೇವೆ. ಹೆಚ್ಚಿನ ಹಾನಿ ನಾನು ಕಂಡಿರುವುದು ಅಲ್ಲಿಯೇ.

ತೋಳಿನ ಮೂಳೆಯ ದುಂಡನೆಯ ತಲೆ ಭುಜದಲ್ಲಿ ಒಂದು ಆಳವಿಲ್ಲದ ಬಟ್ಟಲಿನಲ್ಲಿ ಕೂತಿರುತ್ತದೆ. ಅದು ಜಾರದಂತೆ ಹಿಡಿದಿಡುವ ಮುಖ್ಯ ಕೆಲಸ ಸುತ್ತಲಿನ ಸ್ನಾಯುಗಳದ್ದು. ಲಕ್ವಾದಿಂದ ಆ ಸ್ನಾಯುಗಳು ಸಡಿಲವಾದರೆ, ಕೈಯ ಸ್ವಂತ ಭಾರಕ್ಕೇ ಮೂಳೆ ಕೆಳಗೆ ಜಾರುತ್ತದೆ. ಭುಜದ ತುದಿಯಲ್ಲಿ ಬೆರಳು ಹಿಡಿಸುವಷ್ಟು ತಗ್ಗು ಕೈಗೆ ಹತ್ತುತ್ತದೆ. ಅಂಥ ಕೈಯನ್ನು ಹಿಡಿದು ಎಳೆದರೆ, ಕಂಕುಳಿಗೆ ಕೈ ಹಾಕಿ ಎತ್ತಿದರೆ, ಒಳಗಿನ ನಾರುಗಳಿಗೆ ಪೆಟ್ಟಾಗುತ್ತದೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ನರ್ಸಿಂಗ್ ವಿದ್ಯಾರ್ಥಿನಿಯಾಗಿದ್ದಾಗ ಒಬ್ಬ ಅಜ್ಜನನ್ನು ಬಲಗಂಕುಳಿಗೆ ಕೈ ಹಾಕಿ ಎತ್ತಿ ಕೂರಿಸುತ್ತಿದ್ದೆ. ಅದೇ ಅವರಿಗೆ ಲಕ್ವಾ ಹೊಡೆದ ಬದಿ. ಅವರ ಮಾತು ನಿಂತುಹೋಗಿತ್ತು, ಮುಖ ಮಾತ್ರ ಕಿವುಚುತ್ತಿದ್ದರು. ಅಜ್ಜನಿಗೆ ಕೂರಲು ಮನಸ್ಸಿಲ್ಲ ಎಂದು ನಾನು ತಿಳಿದೆ. ನಾಲ್ಕು ದಿನ ಕಳೆಯುವುದರೊಳಗೆ ಆ ಕೈ ಮುಟ್ಟಿದರೆ ಸಾಕು, ಕಣ್ಣಲ್ಲಿ ನೀರು. ನೋವಿನ ಭಯಕ್ಕೆ ಕೈಯ ವ್ಯಾಯಾಮವೇ ನಿಂತಿತು. ಹಿರಿಯ ಸಿಸ್ಟರ್ ಒಬ್ಬರು ಕಂಡು ಗದರುವ ತನಕ ನನಗೆ ಕಾರಣ ಹೊಳೆಯಲಿಲ್ಲ.

ಸರಿಯಾದ ರೀತಿ ಹೀಗಿದೆ. ಮೊದಲು ಪಕ್ಕಕ್ಕೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಇಳಿಬಿಡಿ. ನಿಮ್ಮ ಒಂದು ಕೈ ಅವರ ಬೆನ್ನಿನ ಹಿಂದೆ ಭುಜದ ಹಲಗೆಯ ಮೇಲೆ, ಇನ್ನೊಂದು ಸೊಂಟದ ಮೇಲೆ ಇಟ್ಟು ಎಬ್ಬಿಸಿ. ಕೂತಾಗ ಕೈ ಜೋತುಬೀಳದಂತೆ ತೊಡೆಯ ಮೇಲೆ ದಿಂಬು ಇಟ್ಟು ಅದರ ಮೇಲೆ ಇರಿಸಿ. ನಡೆಸುವಾಗ ಲಕ್ವಾ ಹೊಡೆದ ಬದಿಗೇ ನಿಂತು, ಸೊಂಟದ ಬೆಲ್ಟನ್ನು ಹಿಡಿಯಿರಿ. ಕೆಲವರು ಮನೆಯ ತೊಲೆಗೆ ರಾಟೆ, ಹಗ್ಗ ಕಟ್ಟಿ, ಒಳ್ಳೆಯ ಕೈಯಿಂದ ಬಿದ್ದ ಕೈಯನ್ನು ತಲೆಯ ಮೇಲಕ್ಕೆ ಎಳೆಸುತ್ತಾರೆ. ದಯವಿಟ್ಟು ಅದು ಬೇಡ.

ಇನ್ನು ಕರೆಂಟಿನ ವಿಷಯ. ಚರ್ಮಕ್ಕೆ ಅಂಟಿಸಿದ ಪ್ಯಾಡಿನ ಮೂಲಕ ಸಣ್ಣ ಪ್ರಮಾಣದ ವಿದ್ಯುತ್ ಹರಿದಾಗ ಸ್ನಾಯು ಬಿಗಿಯಾಗುತ್ತದೆ. ಜಾರಿದ ಭುಜಕ್ಕೆ, ಮೇಲೆತ್ತಲಾಗದ ಮುಂಗೈಗೆ, ನೆಲಕ್ಕೆ ಉಜ್ಜುವ ಪಾದಕ್ಕೆ ಇದರಿಂದ ನೆರವಾಗುತ್ತದೆ. ಆದರೆ ಮೆದುಳಿನಲ್ಲಿ ಕೆಟ್ಟುಹೋದ ಭಾಗವನ್ನು ಅದು ರಿಪೇರಿ ಮಾಡುವುದಿಲ್ಲ. ಯಂತ್ರ ಕೈ ಎತ್ತುವಾಗ ರೋಗಿಯೂ "ನಾನೇ ಎತ್ತುತ್ತೇನೆ" ಎಂದು ಪ್ರಯತ್ನಿಸಬೇಕು. ಗೋಡೆ ನೋಡುತ್ತ ಮಲಗಿದ್ದರೆ ಲಾಭ ಕಡಿಮೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಗರ್ಭಿಣಿಯಾಗಿದ್ದರೆ, ಮೂರ್ಛೆರೋಗ ಅಥವಾ ಕ್ಯಾನ್ಸರ್ ಗಡ್ಡೆ ಇದ್ದರೆ ಪ್ಯಾಡ್ ಅಂಟಿಸುವ ಮೊದಲೇ ಹೇಳಿ.

ಕಾವು ಕೊಡುವುದರಲ್ಲಿಯೂ ಎಚ್ಚರ ಬೇಕು. ಸ್ಪರ್ಶಜ್ಞಾನ ಕಡಿಮೆಯಾದ ಕೈಕಾಲಿಗೆ ಬಿಸಿನೀರಿನ ಚೀಲ ಇಟ್ಟರೆ ಚರ್ಮ ಸುಟ್ಟರೂ ರೋಗಿಗೆ ತಿಳಿಯುವುದಿಲ್ಲ. ನೀರುಗುಳ್ಳೆ ಎದ್ದ ಮೇಲೆಯೇ ನಮಗೂ ಗೊತ್ತಾಗುವುದು. ಎಣ್ಣೆ ಹಚ್ಚಿ ಹಗುರವಾಗಿ ನೀವಿದರೆ ರೋಗಿಗೆ ಹಿತ, ನಿಮಗೂ ಸಮಾಧಾನ, ನಾನು ಬೇಡವೆನ್ನುವುದಿಲ್ಲ. ಆದರೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ತಿಕ್ಕಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು; ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಕೂಡಲೇ ಡಾಕ್ಟರಿಗೆ ತೋರಿಸಿ.

ಕಳೆದುಹೋದ ಶಕ್ತಿ ಮರಳಬೇಕಾದರೆ ಮೆದುಳಿನ ಉಳಿದ ಭಾಗ ಆ ಕೆಲಸವನ್ನು ಹೊಸದಾಗಿ ಕಲಿಯಬೇಕು. ರೋಗಿ ತಾನೇ, ಮತ್ತೆ ಮತ್ತೆ ಮಾಡಿದರೆ ಮಾತ್ರ ಅದು ಕಲಿಯುತ್ತದೆ. ರೊಟ್ಟಿ ಬಡಿಯುತ್ತಿದ್ದ ತಾಯಿಗೆ ಹಿಟ್ಟಿನ ಉಂಡೆ ಕೊಡಿ. ಲೋಟ ಹಿಡಿಯಲಿ, ಬಿಡಲಿ, ಚೆಲ್ಲಲಿ. ಕಾಯಕದ ಮಾತನ್ನು ಈ ಮಠದಲ್ಲಿ ದಿನವೂ ಕೇಳುತ್ತೇವೆ. ವಾರ್ಡಿಗೆ ಬಂದರೆ ನಾವೇ ಪ್ರೀತಿಯಿಂದ ಉಣಿಸಿ, ಅಂಗಿಯ ಗುಂಡಿ ಹಾಕಿ, ಆ ಕೈಗೆ ಕಾಯಕವೇ ಇಲ್ಲದಂತೆ ಮಾಡುತ್ತೇವೆ. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ಬೇಗ ಕಾಣುತ್ತದೆ, ಆಮೇಲೆ ನಿಧಾನವಾಗುತ್ತದೆ. ನಿಧಾನವಾಯಿತೆಂದು ಬಿಡಬೇಡಿ.

ಹಾಗೆಂದು ಮೊದಲ ದಿನವೇ ದಣಿಸುವುದೂ ತಪ್ಪು. 5 ದೇಶಗಳ 2,104 ರೋಗಿಗಳ ಮೇಲೆ ನಡೆದ 'ಅವರ್ಟ್' ಎಂಬ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಲಕ್ವಾ ಹೊಡೆದ 24 ಗಂಟೆಯೊಳಗೇ ಎಬ್ಬಿಸಿ, ಪದೇ ಪದೇ ಹೆಚ್ಚು ವ್ಯಾಯಾಮ ಮಾಡಿಸಿದವರಲ್ಲಿ 3 ತಿಂಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು 100ಕ್ಕೆ 46 ಮಂದಿ. ಸಾಮಾನ್ಯ ಆರೈಕೆ ಪಡೆದವರಲ್ಲಿ 50. ಆದ್ದರಿಂದ "ಇವತ್ತು ಮಲಗಿಸಿರಿ, ನಾಳೆ ನೋಡೋಣ" ಎಂದು ಡಾಕ್ಟರು ಹೇಳಿದರೆ ಅದು ಅಲಕ್ಷ್ಯವಲ್ಲ.

ವ್ಯಾಯಾಮದ ನಡುವೆ ಎದೆನೋವು, ವಿಪರೀತ ಏದುಸಿರು, ತಲೆಸುತ್ತು ಬಂದರೆ ನಿಲ್ಲಿಸಿ, ತಿಳಿಸಿ. ಮನೆಯಲ್ಲಿದ್ದಾಗ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಮತ್ತಷ್ಟು ಸೋತರೆ ವ್ಯಾಯಾಮದ ದಣಿವೆಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಡಿಸ್ಚಾರ್ಜಿಗೆ ಎರಡು ದಿನ ಮೊದಲು ಫಿಜಿಯೋಥೆರಪಿ ವಿಭಾಗಕ್ಕೆ ಮನೆಯ ಒಬ್ಬರನ್ನು ಕರೆತನ್ನಿ. ಬಿಲ್ ಕಟ್ಟುವ ಮಗನೇ ಬರಬೇಕೆಂದಿಲ್ಲ. ಮನೆಯಲ್ಲಿ ರೋಗಿಯನ್ನು ದಿನವೂ ಎತ್ತಿ ಕೂರಿಸುವವರು ಹೆಂಡತಿಯೋ ಸೊಸೆಯೋ ಆಗಿದ್ದರೆ, ಅವರೇ ಬರಲಿ. ನಮ್ಮೆದುರಿಗೆ ಎರಡು ಸಲ ಎಬ್ಬಿಸಿ ತೋರಿಸಲಿ.