ಶಸ್ತ್ರಚಿಕಿತ್ಸೆಯ ಅನಂತರ ಮೊಬೈಲಿನಲ್ಲಿ ರೋಗಿಯ ಯೋಗಕ್ಷೇಮ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಹೊಲಿಗೆ, ಕೀವು, ಪಟ್ಟಿಗಳ ಮಾತನ್ನಾಡುವುದು ಅಷ್ಟು ಶೋಭಿಸುವ ಸಂಗತಿಯಲ್ಲ. ಆದರೆ ಊರಿನಿಂದ ರೋಗಿಗಳು ಬಂದು ಇಳಿಯದ ಕನ್ನಡಿಗರ ಮನೆ ಮುಂಬಯಿಯಲ್ಲಿ ವಿರಳ. ಪರೇಲಿನ ಆಸ್ಪತ್ರೆಗಳಿಗೆಂದು ಕಲಬುರಗಿ, ವಿಜಯಪುರ, ಬೀದರ, ಕರಾವಳಿಯ ಕಡೆಗಳಿಂದ ಹೊರಟವರು ಮೊದಲು ಹುಡುಕುವುದು ನಿಮ್ಮ ವಿಳಾಸವನ್ನು. ಆದುದರಿಂದ ಈ ಮಾತು ನಿಮಗೆ ಸಲ್ಲುವುದೆಂದು ನಂಬಿರುವೆನು.

ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳ ಕೆಲಸ. ನಿಜವಾದ ಕಾಳಜಿ ಆಮೇಲಿನದು. ಗಾಯ ಕೆಡುವುದಾದರೆ ಸಾಮಾನ್ಯವಾಗಿ 5ರಿಂದ 10ನೆಯ ದಿನದೊಳಗೆ ಅದರ ಸುಳಿವು ಸಿಕ್ಕುವುದು. ಅಷ್ಟರಲ್ಲಿ ರೋಗಿ ಊರು ಸೇರಿರುವನು. ಕಲಬುರಗಿಗೆ ಹೋದವನು ಐದು ನಿಮಿಷ ಗಾಯ ತೋರಿಸುವುದಕ್ಕಾಗಿ 500 ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಮತ್ತೆ ರೈಲಿನಲ್ಲಿ ಕ್ರಮಿಸಬೇಕು. ಜೊತೆಗೊಬ್ಬರು ಬೇಕು, ಅವರ ಕೂಲಿ ತಪ್ಪಬೇಕು. ಅನೇಕರು ಬರುವುದೇ ಇಲ್ಲ. ಬಂದರೆ, ಕೆಟ್ಟ ಮೇಲೆ ಬರುವರು.

2002ರಲ್ಲಿ ಇಸ್ರೋ ಸಂಸ್ಥೆಯು ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿತಷ್ಟೆ. ಅಂದು ಅದಕ್ಕೆ ದೊಡ್ಡ ತಟ್ಟೆಯಂಥ ಆಂಟೆನಾ ಬೇಕಾಗಿತ್ತು. ಇಂದು ಕುರಿ ಕಾಯುವವನ ಜೇಬಿನಲ್ಲಿಯೂ ಆ ಸೌಕರ್ಯವಿದೆ. 2020ರ ಮಾರ್ಚ್ 25ರಂದು ಪ್ರಕಟವಾದ ಟೆಲಿಮೆಡಿಸಿನ್ ನಿಯಮಗಳು ಇದಕ್ಕೆ ಸ್ಪಷ್ಟವಾದ ಚೌಕಟ್ಟನ್ನು ಹಾಕಿಕೊಟ್ಟವು. ದೇಶದ ಯಾವ ಭಾಗದ ರೋಗಿಯನ್ನಾದರೂ ವೈದ್ಯರು ಹೀಗೆ ವಿಚಾರಿಸಬಹುದು. ಎದುರಿಗೆ ನೋಡಿ 6 ತಿಂಗಳೊಳಗೆ ಅದೇ ಕಾಯಿಲೆಗೆ ಅದೇ ವೈದ್ಯರು ವಿಚಾರಿಸಿದರೆ ಅದು ಮುಂದುವರಿದ ಚಿಕಿತ್ಸೆಯೆನಿಸುವುದು.

ಇನ್ನು ತೋರಿಸುವ ರೀತಿ. ಕಿಟಕಿಯ ಬೆಳಕು ಗಾಯದ ಮೇಲೆ ಬೀಳಲಿ. ಬಲ್ಬು ಬೆನ್ನ ಹಿಂದೆ ಉರಿಯುತ್ತಿದ್ದರೆ ನಮಗೆ ಕಾಣುವುದು ಕತ್ತಲೆಯೊಂದೇ. ನೆಟ್‌ವರ್ಕು ತಡವರಿಸುವ ಊರಾದರೆ ಹಗಲಿನಲ್ಲಿ ತೆಗೆದ ನಾಲ್ಕು ಫೋಟೋಗಳನ್ನು ಮೊದಲೇ ಕಳುಹಿಸಿರಿ, ನಡುಗುವ ವೀಡಿಯೋಗಿಂತ ಅವು ಮೇಲು. ಗಾಯದ ಸುತ್ತ ಕೆಂಪಾಗಿದೆಯೆ ಎಂದು ಪುಸ್ತಕಗಳು ಕೇಳುವುವು. ನಮ್ಮ ಕಂದು ಮೈಯ ಮೇಲೆ ಕೆಂಪು ಎದ್ದು ಕಾಣದು. ಆದಕಾರಣ ಊತ, ಹೊಳಪು, ಬಿಸಿ ಇವನ್ನು ಗಮನಿಸಿರಿ. ಎಡಗಾಲಿಗೆ ಶಸ್ತ್ರಕ್ರಿಯೆಯಾಗಿದ್ದರೆ ಬಲಗಾಲನ್ನೂ ತೋರಿಸಿರಿ, ಹೋಲಿಕೆಯಲ್ಲಿ ಅರ್ಧ ರೋಗ ತಿಳಿಯುವುದು. ಬಾವಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಟ್ಟು, ನಾಳೆ ಅದು ಗೆರೆ ದಾಟಿತೆ ಎಂದು ನೋಡುವುದು ಹಳೆಯ ಉಪಾಯ. ಮೊಬೈಲಿಗೂ ಅದು ಒಗ್ಗುವುದು. ಮನೆಯಲ್ಲೊಂದು ಜ್ವರಮಾಪಕವಿರಲಿ. "ಮೈ ಬೆಚ್ಚಗಿದೆ" ಎಂಬುದರಿಂದ ನಮಗೆ ಏನೂ ತಿಳಿಯದು.

ಆದರೆ ಕೈ ಮಾಡುವ ಕೆಲಸವನ್ನು ಕಣ್ಣು ಮಾಡಲಾರದು. ಹೊಟ್ಟೆ ಗಟ್ಟಿಯಾಗಿದೆಯೆ ಎಂಬುದನ್ನು ಒತ್ತಿ ನೋಡಿಯೇ ತಿಳಿಯಬೇಕು. ಉಸಿರು ಸಿಕ್ಕಿಕೊಂಡರೆ, ಮೀನಖಂಡ ಊದಿ ನೋಯುತ್ತಿದ್ದರೆ, ಗಾಯದಿಂದ ರಕ್ತ ನಿಲ್ಲದಿದ್ದರೆ ಫೋನಿನ ಮುಂದೆ ಕೂರಬೇಡಿರಿ. ಹತ್ತಿರದ ಆಸ್ಪತ್ರೆಗೆ ಹೋಗಿರಿ. ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಸರಿದರೆ ನಿಮಿಷಗಳ ಲೆಕ್ಕ. ಎಲ್ಲವನ್ನೂ ವೀಡಿಯೋದಲ್ಲೇ ಮುಗಿಸುವೆನೆನ್ನುವ ಡಾಕ್ಟರನ್ನು ನಾನು ನೆಚ್ಚೆನು.

ನನ್ನನ್ನು ಹೆಚ್ಚು ಕಾಡುವುದು ಭಾಷೆಯ ಸಂಗತಿ. ಇಂಡಿ ತಾಲೂಕಿನ ಮುದುಕಿಯೊಬ್ಬರಿಗೆ ಈ ನಗರದಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಯಾಗಿತ್ತು. ಊರಿನಿಂದ ಸೊಸೆ ಫೋನು ಹಿಡಿದು ಎರಡು ಬಾರಿ ಹಿಂದಿಯಲ್ಲಿ ವರದಿ ಒಪ್ಪಿಸಿದ್ದಳು: "ಥೋಡಾ ದರ್ದ್ ಹೈ." ಮಾತ್ರೆ ಬರೆದುದಾಯಿತು. ಮೂರನೆಯ ಸಲ ಆ ಕರೆಗೆ ನಾನಿದ್ದೆ. "ಅಮ್ಮಾ, ಹ್ಯಾಂಗೈತಿ?" ಎಂದು ನೇರವಾಗಿ ಕೇಳಿದೆ. "ಒಳಗ ಟಪಟಪ ಮಿಡಿತೈತ್ರೀ ಸಾಹೇಬ್ರ, ರಾತ್ರಿ ಕಣ್ಣು ಹತ್ತಂಗಿಲ್ಲ" ಎಂದರು. ಬಿಗಿದ ಊತದಲ್ಲಿ ಮಿಡಿತವೆಂದರೆ ಕೀವು ಕಟ್ಟುತ್ತಿರಬಹುದೆಂಬ ಶಂಕೆ. ಆ ದಿನವೇ ವಿಜಯಪುರದ ಆಸ್ಪತ್ರೆಗೆ ಕಳುಹಿಸಿದೆವು. ಮೇಲುಪದರದಲ್ಲಿ ಕೀವಿತ್ತು, ಕೀಲಿಗೆ ಇಳಿದಿರಲಿಲ್ಲ. ಸೊಸೆಯ ತಪ್ಪೇನೂ ಇಲ್ಲ. ಉರಿ, ಸೆಳೆತ, ಮಿಡಿತ, ಚುಚ್ಚು, ಜೋಮು, ಒಂದೊಂದಕ್ಕೂ ಒಂದೊಂದು ಕಾರಣ. ಅವಳಿಗೆ ಬರುತ್ತಿದ್ದ ಹಿಂದಿಯಲ್ಲಿ ಅವಕ್ಕೆಲ್ಲ ಒಂದೇ ಮಾತಿತ್ತು.

ಮುಂಬಯಿಯ ವೈದ್ಯರೆಲ್ಲ ಕನ್ನಡ ಕಲಿಯಲೆಂದು ನಾನು ಕೇಳೆನು. ಎರಡೂ ನುಡಿ ಬಲ್ಲ ನೀವು ಮೂರನೆಯವರಾಗಿ ಆ ಕರೆಯಲ್ಲಿ ಸೇರಿಕೊಳ್ಳಬಹುದು. ಮೊಬೈಲಿನಲ್ಲಿ ಅದು ಸುಲಭ. ರೋಗಿಯ ಒಪ್ಪಿಗೆ ಮೊದಲು ಬೇಕು. ರೋಗಿ ಆಡಿದ್ದನ್ನು ತಿದ್ದದೆ, ನಾಚಿಕೆಯಿಂದ ನುಂಗದೆ ಹಾಗೆಯೇ ಹೇಳಬೇಕು. ಕೇಳಿದ್ದನ್ನು ನೆಂಟರ ಮದುವೆಯಲ್ಲಿ ಹಂಚಬಾರದು! ವಾರಕ್ಕೆ ಒಂದು ಗಂಟೆ ಕೊಡಬಲ್ಲ ಹತ್ತು ಜನ, ಅದರಲ್ಲಿ ನಾಲ್ವರಾದರೂ ಹೆಂಗಸರು, ಮುಂದೆ ಬಂದರೆ ಕೆಲಸ ತೊಡಗಬಹುದು. ಕಲಬುರಗಿ, ವಿಜಯಪುರದ ಕಡೆಯ ಮಾತು ಬಲ್ಲವರು ಮೊದಲು ಹೆಸರು ಕೊಡಿರಿ. ಸಭೆ ಮುಗಿದ ಮೇಲೆ ನಾನು ಇಲ್ಲಿಯೇ ಇರುವೆನು.