ವಿದ್ಯೆಗೂ ಬೇಕು ದಾಸೋಹ
(ಮಸ್ಕಿಯಲ್ಲಿ ಶ್ರಾವಣ ಮಾಸದ ಪ್ರವಚನ)



ಇಂದು ನಾವು ಫೀಸಿನ ಮಾತು ಆಡಬೇಕೆಂದಿದ್ದೇವೆ. ಶ್ರಾವಣದ ಪ್ರವಚನದಲ್ಲಿ ಫೀಸಿನ ಮಾತೇಕೆ ಎಂದು ಹಿರಿಯರಿಗೆ ಅನಿಸಬಹುದು. ಕಾರಣವುಂಟು.

ಕೆಲವು ವರ್ಷಗಳ ಹಿಂದೆ ಸಿಂಧನೂರು ಕಡೆಯ ಒಬ್ಬ ಮಗಳು ತಂದೆಯೊಡನೆ ಮಠಕ್ಕೆ ಬಂದಳು. ಬಿ.ಎಸ್ಸಿ.ಯಲ್ಲಿ ಒಳ್ಳೆಯ ಅಂಕ, ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ನಾವು ವಿಭೂತಿ ಹಚ್ಚಿ, ಕಲ್ಲುಸಕ್ಕರೆ ಕೊಟ್ಟು, "ಚೆನ್ನಾಗಿ ಓದು ತಾಯಿ" ಎಂದು ಹರಸಿದೆವು. ತಂದೆ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದದ್ದನ್ನು ಕಂಡೆವು, ಕೇಳಲಿಲ್ಲ. ಮರುವರ್ಷ ಜಾತ್ರೆಗೆ ಬಂದಾಗ ಆ ಮಗಳು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. "ಫೀಸು ಕಟ್ಟೋ ತಾರೀಕು ಮುಗದು ಹೋತ್ರಿ ಅಪ್ಪಾರ. ಆ ವರ್ಷ ಕಾಲುವಿ ತುದಿಗೆ ನೀರು ಬರಲಿಲ್ಲ, ಭತ್ತ ಕೈಗೆ ಹತ್ತಲಿಲ್ಲ" ಎಂದಳು. "ದುಡ್ಡಿಗೆ ಏನು ಮಾಡೀಯವ್ವಾ?" ಎಂದು ಅಂದು ಒಂದು ಮಾತು ಕೇಳಿದ್ದರೆ ನಮ್ಮ ಗಂಟೇನು ಹೋಗುತ್ತಿತ್ತು? ಆಶೀರ್ವಾದ ಕೊಟ್ಟು ಕೈ ತೊಳೆದುಕೊಂಡೆವು. ಅದು ನಮ್ಮ ತಪ್ಪು.

ಇದೇ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಎರಡು ಸಾವಿರ ವರ್ಷಕ್ಕೂ ಮಿಗಿಲಾಗಿ ಇತ್ತು. ದನ ಕಾಯುವವರೂ ನೋಡಿರಬೇಕು. 1915ರಲ್ಲಿ ಅದು ಬೆಳಕಿಗೆ ಬಂದು, ಆ ಲಿಪಿ ಕಲಿತವರು ಓದಿದಾಗಲೇ ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಜಗತ್ತಿಗೆ ಗಟ್ಟಿಯಾಯಿತು. ಡಿಗ್ರಿ ಆಯ್ತಲ್ಲ, ಇನ್ನೂ ಏನು ಓದೋದು ಎನ್ನುವವರಿಗೆ ನಾವು ಆ ಬಂಡೆಯನ್ನು ತೋರಿಸುತ್ತೇವೆ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. 1883ರಲ್ಲಿಯೇ ಧಾರವಾಡದಲ್ಲಿ ಲಿಂಗಾಯತ ಮಕ್ಕಳ ಓದಿಗಾಗಿ ನಿಧಿ ಕೂಡಿಸಿದರು. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಅವರಿಗೆ ಮಕ್ಕಳಿರಲಿಲ್ಲ, ಓದಿದವರೆಲ್ಲ ಅವರ ಮಕ್ಕಳಾದರು. ಆದರೆ ಅದೆಲ್ಲ ಮುಂಬೈ ಪ್ರಾಂತದ ಕಡೆಯ ಮಾತು. ನಾವು 1948ರವರೆಗೆ ನಿಜಾಮನ ಸೀಮೆಯವರು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಉರ್ದುವಿನಲ್ಲಿ. ಕನ್ನಡ ಮನೆಯ ಹುಡುಗ ಅಲ್ಲಿ ಏನು ಮಾಡಿಯಾನು? ಕಲಬುರ್ಗಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಈಗ 371(ಜೆ) ಕಲಮು ನಮ್ಮ ಮಕ್ಕಳಿಗೆ ಸೀಟು ಮೀಸಲಿಟ್ಟಿದೆ. ಸೀಟು ಕಾನೂನು ಕೊಡುತ್ತದೆ. ರೂಮಿನ ಬಾಡಿಗೆ, ಊಟ, ಪುಸ್ತಕ ಕಾನೂನು ಕೊಡುವುದಿಲ್ಲ.

ಹಾಗಾದರೆ ದಾರಿ ಏನು? ಮೊದಲು ಹೊಲ ಮಾರಬೇಡಿರಿ, ದಲಾಲಿ ಅಂಗಡಿಗೂ ಓಡಬೇಡಿರಿ. ನೂರಕ್ಕೆ ಎರಡು ರೂಪಾಯಿ ಎಂದರೆ ಕಡಿಮೆ ಎನಿಸುತ್ತದೆ; ಅದು ತಿಂಗಳ ಬಡ್ಡಿ, ವರ್ಷಕ್ಕೆ 24 ಆಯಿತು! ಬ್ಯಾಂಕಿನ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಹೊಲಮನೆ ಅಡವಿಡಬೇಕಿಲ್ಲ, ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರುವಾಗುತ್ತದೆ. ಆದರೂ ಅದು ಸಾಲವೇ. ಮೊದಲು ವಿದ್ಯಾರ್ಥಿವೇತನ ನೋಡಿರಿ. ಯು.ಜಿ.ಸಿ.ಯವರು ಪದವಿಯ ಅಂಕ ನೋಡಿ, ಸ್ನಾತಕೋತ್ತರ ಮೊದಲ ವರ್ಷಕ್ಕೆ ಸೇರಿದವರಿಗೆ ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುವ ಯೋಜನೆ ಮಾಡಿದ್ದಾರೆ. ಗೇಟ್ ಪರೀಕ್ಷೆ ಪಾಸಾಗಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400. ರಾಜ್ಯ ಸರಕಾರದ ವಿದ್ಯಾರ್ಥಿವೇತನ, ವಿದ್ಯಾಸಿರಿ, ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮ, ಎಲ್ಲಕ್ಕೂ ಅರ್ಜಿ ಬೇರೆ, ತಾರೀಕು ಬೇರೆ, ನಿಯಮವೂ ವರ್ಷವರ್ಷಕ್ಕೆ ಬದಲಾಗುತ್ತದೆ. ಹಣವಿಲ್ಲದೆ ನಿಂತವರಿಗಿಂತ ತಾರೀಕು ತಪ್ಪಿ ನಿಂತವರೇ ಹೆಚ್ಚೆಂದು ನಮಗೆ ಅನುಭವದಿಂದ ತೋರಿದೆ.

ಇನ್ನು ಉಳ್ಳವರಿಗೆ ಒಂದು ಮಾತು. ಮಗಳ ಮದುವೆಗೆ ಸಾಲ ಮಾಡಲು ಹಿಂಜರಿಯದ ನೀವು ಅದೇ ಮಗಳ ಎಂ.ಎ.ಗೆ ಯಾಕೆ ಲೆಕ್ಕ ಹಾಕುತ್ತೀರಿ? ದುಡ್ಡು ಸಾಲದಾದಾಗ ಮೊದಲು ನಿಲ್ಲುವುದು ಹೆಣ್ಣುಮಗಳ ಓದೇ. ಜಾತ್ರೆಗೆ ಅಕ್ಕಿ, ಬೇಳೆ ತಂದು ಒಪ್ಪಿಸುತ್ತೀರಿ, ಬಹಳ ಸಂತೋಷ. ಅದರ ಜೊತೆಗೆ ಊರಿಗೊಂದು ಮಗುವಿನ ಮೊದಲ ಕಂತಿನ ಫೀಸನ್ನು ಹತ್ತು ಮನೆಯವರು ಕೂಡಿ ಕಟ್ಟಿರಿ. ವಿದ್ಯಾರ್ಥಿವೇತನ ಬರುವುದು ತಡವಾಗಿ, ಫೀಸು ಕೇಳುವುದು ಮೊದಲು. ಆ ನಡುವಿನ ಎರಡು ಮೂರು ತಿಂಗಳಲ್ಲೇ ನಮ್ಮ ಮಕ್ಕಳು ಮುಗ್ಗರಿಸುತ್ತಾರೆ. ಹಣ ಪಡೆದ ಮಗು ನೌಕರಿ ಹಿಡಿದ ಮೇಲೆ ಇನ್ನೊಂದು ಮಗುವಿಗೆ ಕಟ್ಟಲಿ, ನಿಮಗೆ ಮರಳಿಸಬೇಕಾಗಿಲ್ಲ.

ಮುಂದಿನ ಅಮಾವಾಸ್ಯೆಯಿಂದ ಪ್ರತಿ ಅಮಾವಾಸ್ಯೆ ಬೆಳಿಗ್ಗೆ ದಾಸೋಹ ಭವನದಲ್ಲಿ ನಮ್ಮ ಶಾಲೆಯ ಇಬ್ಬರು ಮಾಸ್ತರರು ಕಂಪ್ಯೂಟರ್ ಇಟ್ಟುಕೊಂಡು ಕುಳಿತಿರುತ್ತಾರೆ. ಲಿಂಗಸೂಗೂರು, ಸಿಂಧನೂರು ಕಡೆಯವರೂ ಬರಬಹುದು. ಯಾವ ಜಾತಿಯ ಮಗುವಾದರೂ ಸರಿ. ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕಿನ ಪಾಸ್‌ಬುಕ್ ತನ್ನಿರಿ. ಆದಾಯ ಪತ್ರವನ್ನು ಈಗಲೇ ಮಾಡಿಸಿಡಿರಿ. ಬಟ್ಟೆ ಅಂಗಡಿಯ ಆ ಮಗಳಿಗೂ ಹೇಳಿ ಕಳುಹಿಸಿದ್ದೇವೆ, ಬರುತ್ತೇನೆಂದಿದ್ದಾಳೆ.

ಮಂಗಲವಾದ ಮೇಲೆ ಎಲ್ಲರೂ ಪ್ರಸಾದ ಸ್ವೀಕರಿಸಿಯೇ ಹೋಗಬೇಕು.