ಹಳೆಯ ಮೋಟಾರಿನ ತಂತಿಗೆ ತಕ್ಕ ಪಕ್ಕಡ

(ಖರಾಡಿಯ ನಮ್ಮ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ನಾವು ಪಗಾರದ ಚೀಟಿ ಓದುವ ಬಗೆ, ಭವಿಷ್ಯನಿಧಿಯ ಅರ್ಜಿ ತುಂಬುವ ಬಗೆ ಮುಂತಾದುವನ್ನು ಕುರಿತು ಮಾತಾಡಿದ್ದುಂಟು. ಇಂದು ಒಂದು ಪಕ್ಕಡದ ಮೇಲೆ ಭಾಷಣವೆಂದರೆ ಕೆಲವರು ನಕ್ಕಾರು. ನಾವು ಮಿಲ್ಲಿನ ಗುಮಾಸ್ತರು. ಸ್ಟೋರಿನ ರಿಜಿಸ್ಟರಿನಲ್ಲಿ ಹತ್ಯಾರಗಳ ಹೆಸರು ಬರೆದವರೇ ಹೊರತು ಅವನ್ನು ಹಿಡಿದು ದುಡಿದವರಲ್ಲ. ಆದರೂ ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವುಂಟು.

ಇಂಡಿ ತಾಲ್ಲೂಕಿನ ಕಡೆಯ ಹುಡುಗನೊಬ್ಬ ಪಕ್ಕದ ಚಂದನನಗರದಲ್ಲಿ ಖೋಲಿ ಮಾಡಿಕೊಂಡು, ಮೋಟಾರುಗಳ ವಿದ್ಯುತ್ ಕೆಲಸ ಮಾಡುವ ಮೇಸ್ತ್ರಿಯೊಬ್ಬರ ಕೈಕೆಳಗೆ ದುಡಿಯುತ್ತಾನೆ. ಕಳೆದ ಮಳೆಗಾಲದಲ್ಲಿ ಒಂದು ಅಂಬಾಸಡರ್ ಗಾಡಿಯ ಮುಂದಿನ ದೀಪದ ತಂತಿಗೆ ಅವನು ಹೊಸ ಪಿನ್ನು ಕೂಡಿಸಿದ. ಕೈಗೆ ಸಿಕ್ಕ ಸಾದಾ ಪಕ್ಕಡದಿಂದ ಒತ್ತಿ, ಎಳೆದು ನೋಡಿದ, ಬರಲಿಲ್ಲ, ಗಟ್ಟಿಯಾಯಿತೆಂದುಕೊಂಡ. ಹದಿನೈದು ದಿನಗಳ ಮೇಲೆ ರಾತ್ರಿ ನಗರ ರಸ್ತೆಯಲ್ಲಿ ಆ ಗಾಡಿಯಿಂದ ರಬ್ಬರು ಸುಟ್ಟ ವಾಸನೆ ಎದ್ದಿತು, ದೀಪ ಆರಿತು. ಒಂದು ಪಿನ್ನಿನ ಕಾವಿಗೆ ಪಕ್ಕದ ನಾಲ್ಕು ತಂತಿಗಳ ಹೊದಿಕೆ ಕರಗಿತ್ತು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ನಷ್ಟವನ್ನು ಅವನ ಪಗಾರದಿಂದ ಹಿಡಿದುಕೊಂಡರು. ಎರಡು ತಿಂಗಳು ಅವನು ಊರಿಗೆ ಹಣ ಕಳಿಸಲಿಲ್ಲ.

ಒಂದು ಸಂಜೆ ಅವನು ಇಲ್ಲಿಗೆ ಬಂದು, "ಅಣ್ಣಾರ, ಇದರ ಮ್ಯಾಲ ಕನ್ನಡದಾಗ ಒಂದು ಪುಸ್ತಕ ಐತೇನ್ರಿ?" ಎಂದು ಕೇಳಿದ. ನಾವು ಎರಡು ಕಪಾಟುಗಳನ್ನೂ ಹುಡುಕಿದೆವು. ಕಾದಂಬರಿ ಇದ್ದವು, ವಚನಗಳಿದ್ದವು, ಪಂಚಾಂಗವಿತ್ತು, ಇದಿರಲಿಲ್ಲ. ಅಂದಿನಿಂದ ಅವನು ಪಿನ್ನು ತಂತಿಗಳನ್ನು ತರುವುದು, ನಾವು ಇಂಗ್ಲಿಷಿನ ಹಾಳೆಗಳನ್ನು ಓದಿ ಕನ್ನಡದಲ್ಲಿ ಹೇಳುವುದು, ಹೀಗೆ ಕೆಲವು ವಾರ ನಡೆಯಿತು. ಹೀಗೆ ಕಲಿತುದನ್ನೇ ಈಗ ನಿಮ್ಮ ಮುಂದಿಡುತ್ತೇವೆ.

ಹಳೆಯ ಗಾಡಿಯೆಂದರೆ ನಮ್ಮ ಕಡೆ ಮುಖ್ಯವಾಗಿ ಎರಡು. ಅಂಬಾಸಡರ್ 1958ರಿಂದ 2014ರವರೆಗೆ ಬಂಗಾಲದ ಉತ್ತರಪಾಡಾದಲ್ಲಿ ತಯಾರಾಯಿತು. ಪದ್ಮಿನಿ ಮುಂಬಯಿಯ ಕುರ್ಲಾದ್ದು. ಅದರ ಟ್ಯಾಕ್ಸಿಗಳು ಮುಂಬಯಿಯ ರಸ್ತೆಯಿಂದ 2023ರ ಅಕ್ಟೋಬರಿನಲ್ಲಿ ಮರೆಯಾದವು. ಇವನ್ನು ಪ್ರೀತಿಯಿಂದ ಸಾಕುವ ಮಾಲೀಕರು ಪುಣೆಯಲ್ಲಿದ್ದಾರೆ. ತಯಾರಿಸಿದ ಕಂಪನಿಯಿಂದ ಹೊಸ ತಂತಿಯ ಕಟ್ಟು ಇಂದು ಬರುವಂತಿಲ್ಲವಾದ್ದರಿಂದ ಒಂದೊಂದು ಸಂಧಿಯನ್ನೂ ಮೇಸ್ತ್ರಿಯೇ ಕೈಯಿಂದ ಮಾಡಬೇಕು.

ಒಳ್ಳೆಯ ಸಂಧಿಯೆಂದರೇನು? ತಂತಿಯ ಎಳೆಗಳನ್ನೂ ಪಿನ್ನಿನ ಲೋಹವನ್ನೂ ನಡುವೆ ಗಾಳಿಯೂ ನುಸುಳದಷ್ಟು ಬಲವಾಗಿ ಒಂದಕ್ಕೊಂದು ಒತ್ತುವುದು. ಗಾಳಿ ಹೋದಲ್ಲಿ ತೇವ ಹೋಗುತ್ತದೆ. ತೇವ ಹೋದಲ್ಲಿ ಕಿಲುಬು ಹತ್ತುತ್ತದೆ. ಕಿಲುಬು ವಿದ್ಯುತ್ತನ್ನು ತಡೆಯುತ್ತದೆ. ಸ್ವಲ್ಪ ಲೆಕ್ಕ ಹಾಕೋಣ, ಅದು ನಮ್ಮ ಕಸುಬು. ಹಳೆಯ 45 ವಾಟಿನ ಎರಡು ದೀಪಕ್ಕೆ 12 ವೋಲ್ಟಿನಲ್ಲಿ ಏಳೂವರೆ ಆಂಪಿಯರ್ ಹರಿಯುತ್ತದೆ. ಎರಡಕ್ಕೂ ಹೋಗುವ ತಂತಿಯ ಸಂಧಿಯಲ್ಲಿ ಒಂದು ಓಮಿನ ಹತ್ತನೆಯ ಒಂದು ಪಾಲು ತಡೆಯಿದ್ದರೆ ಮುಕ್ಕಾಲು ವೋಲ್ಟು ಅಲ್ಲಿಯೇ ಸೋರಿ, ಸುಮಾರು ಐದೂವರೆ ವಾಟಿನ ಕಾವು ಕಡಲೆಕಾಳಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ದೀಪದ ಬೆಳಕು ಐದರಲ್ಲಿ ಒಂದು ಪಾಲು ಕುಗ್ಗುತ್ತದೆ. ಫ್ಯೂಸ್ ಹಾರಬೇಕಿತ್ತಲ್ಲ ಎಂದು ಹುಡುಗನೂ ಕೇಳಿದ. ಫ್ಯೂಸ್ ಹಾರುವುದು ವಿದ್ಯುತ್ತು ಹೆಚ್ಚು ಹರಿದಾಗ. ಇಲ್ಲಿ ಹರಿವು ಹೆಚ್ಚುವುದಿಲ್ಲ, ತುಸು ಕಡಿಮೆಯೇ ಆಗುತ್ತದೆ. ಅಲ್ಲದೆ ಹಳೆಯ ಬ್ರಿಟಿಷ್ ಪದ್ಧತಿಯ ಗಾಡಿಗಳಲ್ಲಿ ಬ್ಯಾಟರಿಯಿಂದ ಬರುವ ಕಂದು ತಂತಿಗೂ ಮುಂದಿನ ದೀಪಗಳಿಗೂ ಸಾಮಾನ್ಯವಾಗಿ ಫ್ಯೂಸೇ ಇರುವುದಿಲ್ಲ. ಆದುದರಿಂದ ಅಲ್ಲಿ ಕಾವಲು ಕಾಯುವುದು ಮೇಸ್ತ್ರಿಯ ಒತ್ತಿಗೆಯೊಂದೇ.

ಇನ್ನು ಪಕ್ಕಡದ ಮಾತು. ಅಂಗಡಿಗೆ ಹೋಗಿ ಮೊದಲು ಪಕ್ಕಡ ಕೇಳಬಾರದು. ಗಾಡಿಯಲ್ಲಿ ಇರುವ ಪಿನ್ನು ಯಾವುದು ಎಂಬುದನ್ನು ಮೊದಲು ನೋಡಬೇಕು. ಅದಕ್ಕೆ ತಕ್ಕ ಬಾಯಿಯುಳ್ಳ ಪಕ್ಕಡವನ್ನು ಆಮೇಲೆ ಕೊಳ್ಳಬೇಕು.

ಅಂಗಡಿಯವರು ಮೊದಲು ತೋರಿಸುವುದು ಕೆಂಪು, ನೀಲಿ, ಹಳದಿ ಪ್ಲಾಸ್ಟಿಕ್ ತೊಟ್ಟ ಥಿಂಬಲ್ಲುಗಳನ್ನು. ಕೆಂಪು ಒಂದೂವರೆ ಚದರ ಮಿಲಿಮೀಟರಿನವರೆಗಿನ ತಂತಿಗೆ, ನೀಲಿ ಎರಡೂವರೆಯವರೆಗೆ, ಹಳದಿ ನಾಲ್ಕರಿಂದ ಆರಕ್ಕೆ. ಇವಕ್ಕೆ ಅಂಡಾಕಾರದ ಬಾಯಿ, ಬಣ್ಣದ ಚುಕ್ಕೆಯಿಟ್ಟ ಪಕ್ಕಡ. ಹಳೆಯ ಗಾಡಿಗೆ ಇವು ಅಷ್ಟಾಗಿ ಒಪ್ಪುವುದಿಲ್ಲ, ನೋಟಕ್ಕೂ ಚೆನ್ನಲ್ಲ.

ಪದ್ಮಿನಿಯಲ್ಲಿ ಕಾಣುವ ಚಪ್ಪಟೆ ಪಿನ್ನು ಬೇರೆ ಜಾತಿ. ಅದರ ಅಗಲ 6.3 ಮಿಲಿಮೀಟರು. ಬಾಲದಲ್ಲಿ ಎರಡು ಜೊತೆ ರೆಕ್ಕೆಗಳು: ಒಂದು ಜೊತೆ ತಾಮ್ರವನ್ನು ಹಿಡಿಯಲು, ಇನ್ನೊಂದು ಹೊದಿಕೆಯನ್ನು ಅಪ್ಪಿ ಅಲುಗಾಟವನ್ನು ತಡೆಯಲು. ಇದಕ್ಕೆ ಬೇಕಾದ ಪಕ್ಕಡದ ಒಂದು ದವಡೆಯಲ್ಲಿ ಎರಡು ಕಮಾನು ಜೋಡಿಯಾಗಿರುತ್ತವೆ. ಒತ್ತಿದಾಗ ರೆಕ್ಕೆಗಳೆರಡೂ ಬಾಗಿ, ಸುರುಳಿಯಾಗಿ ಎಳೆಗಳ ನಡುವೆ ಇಳಿಯುತ್ತವೆ. ಅಂಡಾಕಾರದ ಬಾಯಿಯಿಂದ ಒತ್ತಿದರೆ ರೆಕ್ಕೆ ಮೇಲೆ ಮಲಗುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ನಮ್ಮ ಹುಡುಗನ ಪಿನ್ನೂ ಈ ರೆಕ್ಕೆಯ ಜಾತಿಯದೇ. ಸಾದಾ ಪಕ್ಕಡದ ಒತ್ತಿಗೆ ರೆಕ್ಕೆಗಳು ಹೀಗೆಯೇ ಮಲಗಿದ್ದವು.

ಅಂಬಾಸಡರ್ ಬ್ರಿಟಿಷ್ ಮೂಲದ್ದು. ಅದರಲ್ಲಿ ಕಾಣುವ ಗುಂಡು ಪಿನ್ನಿಗೆ, ಎಂದರೆ ಬುಲೆಟ್ಟಿಗೆ, ವ್ಯಾಸ ಸುಮಾರು 4.7 ಮಿಲಿಮೀಟರು. ಇಂದು ಪೇಟೆಯಲ್ಲಿ ಸಿಗುವ ನಾಲ್ಕು ಮಿಲಿಮೀಟರಿನ ಬುಲೆಟ್ಟು ಹಳೆಯ ತೋಳಿನಲ್ಲಿ ಸಡಿಲವಾಗಿ ಕೂರುತ್ತದೆ. ಮೇಲೆ ಎಷ್ಟು ಬೆಲೆಬಾಳುವ ಪಕ್ಕಡದಿಂದ ಒತ್ತಿದರೂ ವ್ಯರ್ಥ. ಸರಿಯಾದ ಬುಲೆಟ್ಟಿಗೆ ಅದರದೇ ಡೈ ಬೇಕು. ಇಲ್ಲದಿದ್ದರೆ ಮೈ ಉಬ್ಬಿ ತೋಳಿನೊಳಗೆ ಹೋಗುವುದಿಲ್ಲ. ಬೆಸುಗೆ ಹಾಕುವ ಬುಲೆಟ್ಟುಗಳೂ ಉಂಟು. ಆದರೆ ಬೆಸುಗೆಯ ಸೀಸ ಎಳೆಗಳ ಉದ್ದಕ್ಕೂ ಏರಿದರೆ ತಂತಿ ಕಡ್ಡಿಯಾಗುತ್ತದೆ. ಗಾಡಿಯ ನಡುಕಕ್ಕೆ ಅದು ಏರಿ ನಿಂತ ತುದಿಯಲ್ಲಿ ಮುರಿಯುತ್ತದೆ. ಅಭ್ಯಾಸವಿಲ್ಲದ ಕೈ ಇದಕ್ಕೆ ಹೋಗದಿರುವುದು ಲೇಸು.

ಹಾಗಾದರೆ ಮೂರು ಪಕ್ಕಡ ಕೊಳ್ಳಬೇಕೇ? ಬೇಡ. ಡೈ ಬದಲಿಸಬಹುದಾದ ರ‍್ಯಾಚೆಟ್ ಪಕ್ಕಡ ಒಂದಿದ್ದರೆ ಸಾಕು. ರ‍್ಯಾಚೆಟ್ ಎಂದರೆ ಹಲ್ಲಿನ ತಡೆ: ಪೂರ್ತಿ ಒತ್ತುವವರೆಗೆ ಬಾಯಿ ಬಿಡುವುದಿಲ್ಲ. ಬೆಳಿಗ್ಗೆಯ ಮೊದಲನೆಯ ಪಿನ್ನಿಗೂ ಕೈ ಸೋತ ಸಂಜೆಯ ನಲವತ್ತನೆಯ ಪಿನ್ನಿಗೂ ಒತ್ತಡ ಒಂದೇ. ಸಾದಾ ಪಕ್ಕಡಕ್ಕಿಂತ ಬೆಲೆ ಹಲವು ಪಟ್ಟು ಹೆಚ್ಚು, ಸುಳ್ಳಲ್ಲ. ಆದರೆ ಡೈಗಳನ್ನು ಒಂದೊಂದಾಗಿ ಕೊಳ್ಳಬಹುದು. ಕಂತಿನ ಲೆಕ್ಕ ನಮಗೆಲ್ಲ ರೂಢಿಯೇ. ಬುಧವಾರ ಪೇಠೆಯ ತಪಕೀರ ಗಲ್ಲಿಯಲ್ಲಿ ವಿಚಾರಿಸಿರಿ. ಬಸ್ಸಿನ ಖರ್ಚು ವ್ಯರ್ಥವಾಗದು. ಹೋಗುವಾಗ ಗಾಡಿಯ ಹಳೆಯ ಪಿನ್ನೊಂದನ್ನೂ ಗೇಣುದ್ದ ತಂತಿಯನ್ನೂ ಜೇಬಿನಲ್ಲಿ ಇಟ್ಟುಕೊಂಡು ಹೋಗತಕ್ಕದ್ದು. ಅಂಗಡಿಯಲ್ಲಿಯೇ ಒಂದು ಒತ್ತಿ ತೋರಿಸಿರೆಂದು ಕೇಳಲು ಸಂಕೋಚ ಬೇಡ. ಒತ್ತಗೊಡದ ಅಂಗಡಿಯಲ್ಲಿ ನಾವಾದರೆ ಕೊಳ್ಳುವುದಿಲ್ಲ.

ಕೊಂಡ ಮೇಲೆ ಪರೀಕ್ಷೆ. ತಂತಿಯ ಕಟ್ಟು ತಯಾರಿಸುವ ಕಾರಖಾನೆಗಳಲ್ಲಿ ಸಂಧಿಯ ಎತ್ತರವನ್ನು ಮೈಕ್ರೋಮೀಟರಿನಿಂದ ಅಳೆದು, ಯಂತ್ರದಿಂದ ಎಳೆದು ನೋಡುತ್ತಾರೆ. ಒಂದು ಚದರ ಮಿಲಿಮೀಟರಿನ ತಂತಿಯ ಸಂಧಿ 108 ನ್ಯೂಟನ್, ಎಂದರೆ ಸುಮಾರು 11 ಕಿಲೋ ಭಾರ ತಡೆಯಬೇಕೆಂದು ಅಂತರರಾಷ್ಟ್ರೀಯ ನಿಯಮ. ನಮಗೆ ಯಂತ್ರವೆಲ್ಲಿಯದು? ಹತ್ತು ಲೀಟರು ನೀರಿನ ಬಕೀಟು ಉಂಟಲ್ಲ! ಬಕೀಟಿನ ತೂಕವೂ ಸೇರಿದರೆ ಲೆಕ್ಕ ಸರಿಹೋಗುತ್ತದೆ. ಈ ಪರೀಕ್ಷೆಯನ್ನು ತುಂಡು ತಂತಿಯ ಮೇಲೆ ಮಾಡಬೇಕು, ಗಾಡಿಯ ಮೇಲಲ್ಲ. ಆದರೆ ಬಕೀಟು ಹೊತ್ತ ಮಾತ್ರಕ್ಕೆ ಮುಗಿಯಲಿಲ್ಲ. ಇನ್ನೊಂದು ಸಂಧಿಯನ್ನು ಗರಗಸದಿಂದ ಅಡ್ಡ ಕೊಯ್ದು, ಎಳೆಗಳ ನಡುವೆ ಸಂದು ಉಳಿದಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು.

ಹಳೆಯ ತಂತಿಯದೇ ಒಂದು ದೋಷವುಂಟು. ಹೊದಿಕೆ ಸುಲಿದಾಗ ತಾಮ್ರ ಕಪ್ಪಾಗಿ ಕಂಡರೆ, ಹೊಳಪು ಕಾಣುವವರೆಗೆ ಕತ್ತರಿಸುತ್ತ ಹಿಂದೆ ಹೋಗಬೇಕು. ತಂತಿ ಸಾಲದೆ ಬಂದರೆ ಹೊಸ ತಂತಿ ಹಾಕಬೇಕು. ಕಪ್ಪು ತಾಮ್ರದ ಮೇಲೆ ಒತ್ತುವುದು ಸಗಣಿ ಸಾರಿಸದ ನೆಲಕ್ಕೆ ರಂಗೋಲಿ ಹಾಕಿದಂತೆ.

ನಮ್ಮ ಹುಡುಗ ಪಕ್ಕಡದ ಚೌಕಟ್ಟನ್ನೂ ರೆಕ್ಕೆಯ ಪಿನ್ನಿನ ಡೈಯನ್ನೂ ದೀಪಾವಳಿಯ ಬೋನಸ್ಸಿನಲ್ಲಿ ಕೊಂಡನು. ಬುಲೆಟ್ಟಿನ ಡೈ ಇನ್ನೂ ಬಾಕಿ. ಅಲ್ಲಿಯವರೆಗೆ ಅಂಬಾಸಡರಿನ ಗುಂಡು ಪಿನ್ನಿನ ಕೆಲಸ ಬಂದರೆ ಮೇಸ್ತ್ರಿಗೇ ಬಿಡುತ್ತಾನೆ. ಅವನು ಒತ್ತಿದ ಹನ್ನೆರಡು ಸಂಧಿಗಳು ಈ ಮೇಜಿನ ಮೇಲಿವೆ, ಮೂರು ಕೆಟ್ಟವೂ ಸೇರಿ. ಬಕೀಟು ಹಿಂದಿನ ಮೋರಿಯ ಹತ್ತಿರ ತುಂಬಿಟ್ಟಿದೆ. ಬರಬೇಕು, ಎಳೆದು ನೋಡಬೇಕು.